ಹಸಿರು ಶಾಯಿಯ ನಾದಸೇವೆ

ಸಿಡಿಯ ಅಂಚಿಗೆ ಹಸಿರು ಶಾಯಿ ಬಳಿದರೆ ನಾದ ಶುದ್ಧವಾಗುತ್ತದೆಂಬ ನಂಬಿಕೆ 1990ರ ಆಸುಪಾಸಿನಲ್ಲಿ ಪಶ್ಚಿಮದ ಆಡಿಯೋಫೈಲ್‌ಗಳಲ್ಲಿ, ಅಂದರೆ ಹಾಡಿಗಿಂತ ಹಾಡಿಸುವ ಯಂತ್ರವನ್ನೇ ಹೆಚ್ಚು ಧ್ಯಾನಿಸುವ ರಸಿಕರಲ್ಲಿ ಹಬ್ಬಿ, ಅದಕ್ಕೆಂದೇ ವಿಶೇಷ ಪೆನ್ನುಗಳೂ ಮಾರಾಟಕ್ಕೆ ಬಂದವು. ತಟ್ಟೆಯೊಳಗೆ ದಾರಿತಪ್ಪಿ ಅಲೆಯುವ ಲೇಸರ್ ಬೆಳಕನ್ನು ಹಸಿರು ಬಣ್ಣ ಹೀರಿಕೊಳ್ಳುತ್ತದೆಂಬುದು ಇದರ ಸಮರ್ಥನೆ. ಆದರೆ ಆ ಲೇಸರ್ ಸುಮಾರು 780 ನ್ಯಾನೊಮೀಟರ್ ತರಂಗಾಂತರದ, ಅಂದರೆ ಬಹುಮಟ್ಟಿಗೆ ಕಣ್ಣಿಗೆ ಕಾಣದ ಅವಗೆಂಪು ಬೆಳಕಾದ್ದರಿಂದ, ಶಾಯಿ ನಮ್ಮ ಕಣ್ಣಿಗೆ ಹಸಿರಾಗಿರುವುದು ಅದಕ್ಕೆ ಗೊತ್ತೇ ಆಗುವಂತಿಲ್ಲ. ಮೇಲಾಗಿ ಸಿಡಿಯಲ್ಲಿರುವುದು ಸೊನ್ನೆ-ಒಂದುಗಳ ಲೆಕ್ಕವೇ ಹೊರತು ನಾದವಲ್ಲ. ಓದುವಾಗ ತಪ್ಪಿಹೋದ ಅಂಕಿಗಳನ್ನು, ಜೊತೆಯಲ್ಲೇ ಬರೆದಿಟ್ಟ ಹೆಚ್ಚುವರಿ ಅಂಕಿಗಳ ನೆರವಿನಿಂದ ಮರಳಿ ಲೆಕ್ಕಹಾಕುವ ದೋಷಪರಿಹಾರ ವ್ಯವಸ್ಥೆ, ಯಾವ ಪೆನ್ನಿನ ಹಂಗೂ ಇಲ್ಲದೆ, ಅದರಲ್ಲಿ ಹುಟ್ಟಿನಿಂದಲೇ ಇದೆ.

ಪೆನ್ನಾದರೂ ಅಗ್ಗ. ಆಡಿಯೋ ಉಪಕರಣ ತಯಾರಿಸುವ ಡೆನಾನ್ ಕಂಪನಿ 499 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದ, ಕಂಪ್ಯೂಟರುಗಳನ್ನು ಜೋಡಿಸುವ ಸಾಮಾನ್ಯ ನೆಟ್‌ವರ್ಕ್ ಕೇಬಲ್ಲಿನ ಮಾದರಿಯದೇ ಆದ ಒಂದೂವರೆ ಮೀಟರಿನ ಕೇಬಲ್ಲಿನಲ್ಲಂತೂ ಸಂಕೇತ ಯಾವ ಕಡೆಗೆ ಹರಿಯಬೇಕೆಂಬ ಬಾಣದ ಗುರುತೂ ಇತ್ತು. ಎತ್ತ ತಿರುಗಿಸಿದರೂ ಒಂದೇ ಆಗಿರುವ ತಾಮ್ರದ ಎಳೆ ಅದನ್ನು ಓದಿಕೊಂಡು ನಡೆಯುತ್ತದೆಂಬ ಭರವಸೆ ಬೆಲೆಯಲ್ಲೇ ಸೇರಿತ್ತೆನ್ನಬೇಕು.