ಕೆಂಪು ಪಾಂಡದ ಬೆಟ್ಟದಲ್ಲಿ

ಡಾರ್ಜಿಲಿಂಗಿನಲ್ಲಿ ಸಮತಟ್ಟಾದ ಜಾಗ ಹುಡುಕುವುದು ಕಷ್ಟ. ಮೃಗಾಲಯವೂ ಅದಕ್ಕೆ ಹೊರತಲ್ಲ. ಮೈಸೂರಿನ ಮೃಗಾಲಯದಲ್ಲಿ ಕಡಲೆಕಾಯಿ ಮೆಲ್ಲುತ್ತ ಆರಾಮಾಗಿ ಸುತ್ತಿದವರಿಗೆ ಇಲ್ಲಿ ಪ್ರಾಣಿ ಕಾಣುವ ಮೊದಲೇ ಏದುಸಿರು ಬರುತ್ತದೆ. ಚೌರಸ್ತಾದಿಂದ ಜವಾಹರ್ ಪರ್ವತದ ರಸ್ತೆ ಹಿಡಿದು ನಡೆದರೆ, ಸುಮಾರು 7,000 ಅಡಿ ಎತ್ತರದಲ್ಲಿ, ಕಪ್ಪುಹಸಿರು ಧೂಪಿ ಮರಗಳ ನಡುವೆ ಪದ್ಮಜಾ ನಾಯ್ಡು ಹಿಮಾಲಯನ್ ಮೃಗಾಲಯದ ಬಾಗಿಲು. ಮೃಗಾಲಯ ಶುರುವಾದದ್ದು 1958ರಲ್ಲಿ. ಸರೋಜಿನಿ ನಾಯ್ಡು ಅವರ ಮಗಳು, ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿದ್ದ ಪದ್ಮಜಾ ಅವರ ಹೆಸರನ್ನು ಇಟ್ಟದ್ದು 1975ರಲ್ಲಿ.

ಆನೆ ಎಲ್ಲಿ, ಜಿರಾಫೆ ಎಲ್ಲಿ ಎಂದು ಮಕ್ಕಳು ಕೇಳಿದರೆ ಅವು ಇಲ್ಲಿಲ್ಲ. ಈ ಚಳಿಗೆ ಹುಟ್ಟಿದವರದೇ ಇಲ್ಲಿ ಕಾರುಬಾರು: ಟಿಬೆಟಿನ ತೋಳ, ಹಿಮಾಲಯದ ಕಪ್ಪು ಕರಡಿ, ಕಡಿದಾದ ಬಂಡೆಯ ಮೇಲೆ ನಿಂತು ನಮ್ಮನ್ನು ಲೆಕ್ಕಕ್ಕೇ ಇಡದ ನೀಲಿ ಕುರಿ. ಹಿಮಚಿರತೆ ಮಲಗಿತ್ತು. ಮೈಯಷ್ಟೇ ಉದ್ದವೆನ್ನಬಹುದಾದ ದಪ್ಪ ಬಾಲವನ್ನು ಮೂತಿಯ ಮೇಲೆ ಶಾಲಿನಂತೆ ಹೊದ್ದಿತ್ತು. ಹುಲಿ, ಸಿಂಹಗಳಂತೆ ಗರ್ಜಿಸಲು ಅದಕ್ಕೆ ಬಾರದು. ಒಮ್ಮೆ ಕಣ್ಣು ತೆರೆದು ನೋಡಿತು. ಆ ಬೂದುಹಸಿರು ನೋಟದ ಮುಂದೆ ಗರ್ಜನೆ ಯಾಕೆ ಬೇಕು ಅನ್ನಿಸಿತು.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಕೆಂಪು ಪಾಂಡ. ಮೊದಲು ಬರೀ ಕೊಂಬೆ, ಕೊಂಬೆಗೆ ಅಂಟಿದ ಪಾಚಿ. ಆಮೇಲೆ ಆ ಪಾಚಿಗೆ ಉಂಗುರ ಉಂಗುರದ ಬಾಲ ಕಾಣಿಸಿತು. ಬೆನ್ನು ಕಡುಗೆಂಪು, ಹೊಟ್ಟೆ ಕಪ್ಪು. ಮೇಲಿನಿಂದ ನೋಡಿದರೆ ಕೆಂಪು ಪಾಚಿಯಲ್ಲಿ, ಕೆಳಗಿನಿಂದ ನೋಡಿದರೆ ಮರದ ನೆರಳಿನಲ್ಲಿ ಕರಗಿಹೋಗುವ ಉಪಾಯ! ಕರುಳು ಮಾಂಸಾಹಾರಿಯದು. ಊಟ ಮಾತ್ರ ಬಿದಿರೆಲೆ. ಜೀರ್ಣವಾಗುವುದು ಅದರಲ್ಲಿ ಸ್ವಲ್ಪವೇ, ಆದ್ದರಿಂದ ಎಚ್ಚರವಿದ್ದಾಗೆಲ್ಲ ಮೇಯುತ್ತಲೇ ಇರಬೇಕು. ಹೊಟ್ಟೆ ತುಂಬಿದ ಮೇಲೆ ಆಸಾಮಿ ಮರದಿಂದ ತಲೆಕೆಳಗಾಗಿ ಸರಸರನೆ ಇಳಿದ. ಹಿಂಗಾಲಿನ ಕೀಲನ್ನು ಹಿಂದಕ್ಕೆ ತಿರುಗಿಸಿ ಹಾಗೆ ಇಳಿಯಬಲ್ಲ ಪ್ರಾಣಿಗಳು ಬಹಳ ಇಲ್ಲ.

ಮೃಗಾಲಯದ ಅಸಲು ಕೆಲಸ ನಡೆಯುವುದು ಟಿಕೆಟ್ ಕೊಂಡವರ ಕಣ್ಣಿಗೆ ಬೀಳದ ಜಾಗದಲ್ಲಿ. ತೋಪ್‌ಕೇದಾರದಲ್ಲಿ ಇದರದೇ ಸಂತಾನಾಭಿವೃದ್ಧಿ ಕೇಂದ್ರವಿದೆ. ಜನರ ಗದ್ದಲದಿಂದ ದೂರವಿಟ್ಟು ಹಿಮಚಿರತೆ, ಕೆಂಪು ಪಾಂಡಗಳ ಸಂಸಾರ ಬೆಳೆಸುತ್ತಾರೆ. ಹೀಗೆ ಮನುಷ್ಯರ ಆರೈಕೆಯಲ್ಲಿ ಹುಟ್ಟಿದ ಎರಡು ಹೆಣ್ಣು ಪಾಂಡಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ 2003ರಲ್ಲಿ ಸಿಂಗಾಲೀಲಾ ಕಾಡಿಗೆ ಬಿಟ್ಟರು. ಒಂದು ಬೇಟೆಪ್ರಾಣಿಯ ಬಾಯಿಗೆ ಬಿತ್ತು. ಇನ್ನೊಂದು ಕಾಡಿನಲ್ಲೇ ಜೊತೆಗಾರನನ್ನು ಹುಡುಕಿಕೊಂಡು ಮರಿ ಹಾಕಿತು. ಬಿದಿರು ತಿನ್ನಲು ಹೇಳಿಕೊಡಬಹುದು, ಚಿರತೆಗೆ ಹೆದರುವುದನ್ನು ಹೇಗೆ ಕಲಿಸುವುದು? ಪಂಜರದಲ್ಲಿ ಎಷ್ಟು ಪ್ರಾಣಿಗಳಿವೆ ಎಂದು ಎಣಿಸಿ ಮೃಗಾಲಯವನ್ನು ಅಳೆಯುವುದು ನಮ್ಮ ರೂಢಿ. ಈ ಮೃಗಾಲಯವನ್ನು ಅಳೆಯಬೇಕಾದ್ದು ಆ ಮರಿಯಿಂದ.

ಅದೇ ಆವರಣದೊಳಗೆ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯಿದೆ. ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ, ತೇನ್‌ಸಿಂಗ್ ನೋರ್ಗೆ ಈ ಸಂಸ್ಥೆಯ ತರಬೇತಿಯ ಹೊಣೆ ಹೊತ್ತರು; ಅವರ ಸ್ಮಾರಕವೂ ಇಲ್ಲೇ. ವಸ್ತುಸಂಗ್ರಹಾಲಯದ ಹಳೆಯ ಬೂಟು, ಹಗ್ಗಗಳನ್ನು ನೋಡದೆ ಬರಬೇಡಿ.

ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮಂಜು ಪ್ರಾಣಿಗಳನ್ನು ಮಾತ್ರವಲ್ಲ, ಪಂಜರಗಳನ್ನೂ ನುಂಗುತ್ತದೆ. ಪಾಂಡ ಮಲಗಿದ್ದರೆ ಸಿಳ್ಳೆ ಹಾಕಿ ಎಬ್ಬಿಸಬೇಡಿ. ಗುರುವಾರ ರಜೆ.