ನಮ್ಮ ಗಲ್ಲಿ ಮತ್ತು ಉಪಗ್ರಹ

ಕಳೆದ ರಂಜಾನ್‌ನ ಒಂದು ರಾತ್ರಿ ನಮ್ಮ ನಾನಿಗೆ ಉಸಿರಾಟದ ತೊಂದರೆಯಾಯಿತು. ಅಬ್ಬಾ ಊರಲ್ಲಿರಲಿಲ್ಲ, ಅಮ್ಮಿಗೆ ಕನ್ನಡ ಅಷ್ಟಾಗಿ ಬಾರದು. ನಾನೇ ಆಂಬುಲೆನ್ಸ್‌ಗೆ ಫೋನ್ ಮಾಡಿ ಲೊಕೇಶನ್ ಕಳಿಸಿದೆ. ಶಿವಾಜಿನಗರದ ನಮ್ಮ ಗಲ್ಲಿಯ ಎರಡೂ ಬದಿ ನಾಲ್ಕಂತಸ್ತಿನ ಮನೆಗಳು. ಗಾಡಿ ಹಿಂದಿನ ಗಲ್ಲಿಗೆ ಹೋಗಿ ನಿಂತಿತು. "ಮ್ಯಾಪ್ ಇಲ್ಲೇ ತೋರಿಸ್ತಿದೆಯಲ್ಲಪ್ಪಾ" ಎಂದರು ಡ್ರೈವರ್. ನಾನು ಓಡಿಹೋಗಿ ಕರೆತರುವಷ್ಟರಲ್ಲಿ ಹತ್ತು ನಿಮಿಷ ಕಳೆಯಿತು. ಅಲ್ಲಾಹನ ದಯೆಯಿಂದ ನಾನಿ ಈಗ ಚೆನ್ನಾಗಿದ್ದಾರೆ.

ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಕಾರಣ ತಿಳಿಯಬೇಕೆನಿಸಿ ಫಿಸಿಕ್ಸ್ ಸರ್ ಅವರನ್ನು ಕೇಳಿದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆಯಂತೆ. ಸಂಕೇತ ಬರಲು ಹಿಡಿದ ಸಮಯದಿಂದ ಫೋನ್ ದೂರವನ್ನು ಲೆಕ್ಕ ಹಾಕುತ್ತದೆ. ಸಂಕೇತ ಗೋಡೆಗೆ ಬಡಿದು ಸುತ್ತಿ ಬಂದರೆ ಲೆಕ್ಕ ತಪ್ಪುತ್ತದೆ. ಸೆಕೆಂಡಿನ ಕೋಟಿಯಲ್ಲೊಂದು ಭಾಗ ತಡವಾದರೂ ದೂರದಲ್ಲಿ 30 ಮೀಟರ್ ವ್ಯತ್ಯಾಸ! ಎಲ್‌1 ಜೊತೆಗೆ ಎಲ್‌5 ತರಂಗವನ್ನೂ ಹಿಡಿಯುವ ಫೋನ್‌ಗಳಲ್ಲಿ ಈ ತಪ್ಪು ಕಡಿಮೆ. ನಮ್ಮ ಇಸ್ರೋದ ನಾವಿಕ್ ಕೂಡ ಎಲ್‌5 ಬಳಸುತ್ತದೆ.

ಈಗ ನಾನು ಲೊಕೇಶನ್ ಜೊತೆ "ಮಸೀದಿ ಪಕ್ಕದ ಗಲ್ಲಿ, ಬೇಕರಿ ಎದುರು" ಎಂದೂ ಬರೆಯುತ್ತೇನೆ. ಆ ಒಂದು ವಾಕ್ಯವನ್ನು ಅಮ್ಮಿಗೂ ಕನ್ನಡದಲ್ಲಿ ಕಲಿಸಿದ್ದೇನೆ. ನೀವೂ ನಿಮ್ಮ ಮನೆಯವರಿಗೆ ಕಲಿಸಿ.