ಗ್ರಹಣದ ನೆರಳು, ಕರಸ್ಥಲದ ಬೆಳಕು

ಶರಣರು ಅರಿವನ್ನು ಗುರುವಿನ ಸ್ಥಾನದಲ್ಲಿರಿಸಿದರು. ಅರಿವಿನಿಂದ ದೊರೆತ ಸತ್ಯವು ಭಕ್ತಿಗೆ ಎಂದಿಗೂ ಹಗೆಯಾಗಲಾರದು ಎಂಬ ಧೈರ್ಯ ಅವರಿಗಿತ್ತು. ಆ ಧೈರ್ಯ ಇಂದಿನ ಭಕ್ತರಲ್ಲಿ ಎಷ್ಟಿದೆ ಎಂಬುದನ್ನು ಆಗಸದ ಸಂಗತಿಗಳು ಆಗಾಗ ಪರೀಕ್ಷಿಸುತ್ತವೆ.

2023ರ ಜುಲೈ 13ರಂದು ಇಸ್ರೋ ಸಂಸ್ಥೆಯ ವಿಜ್ಞಾನಿಗಳು ಚಂದ್ರಯಾನ-3ರ ಪುಟ್ಟ ಮಾದರಿಯೊಂದನ್ನು ತಿರುಪತಿ ದೇವಾಲಯಕ್ಕೆ ಒಯ್ದು ಪೂಜೆ ಸಲ್ಲಿಸಿದರು. ಕನ್ನಡದ ಕೆಲವು ಸಾಹಿತಿಗಳು ಮತ್ತು ವಿಚಾರವಂತರು ಇದನ್ನು ಆಕ್ಷೇಪಿಸಿ ಹೇಳಿಕೆ ನೀಡಿದರು. ಆಸ್ತಿಕರು ಅದಕ್ಕೆ ಕಟುವಾಗಿಯೇ ಉತ್ತರಿಸಿದರು. ಆಗಸ್ಟ್ 23ರ ಸಂಜೆ ನೌಕೆಯು ಚಂದ್ರನ ದಕ್ಷಿಣ ಭಾಗದಲ್ಲಿ ಇಳಿದಾಗ ಎರಡೂ ಪಕ್ಷದವರು ಒಟ್ಟಿಗೆ ಚಪ್ಪಾಳೆ ತಟ್ಟಿದರು. ವಾದ ಮಾತ್ರ ಮುಗಿಯಲಿಲ್ಲ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗೆ ವಾದವು ಹೊಸದಲ್ಲ. ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನವರು ಪರಮತದವರೊಡನೆ ನಡೆಸಿದ ವಾದದ ವೃತ್ತಾಂತವನ್ನು ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನವೇ ಹೇಳುತ್ತದೆ. ಅಲ್ಲಿಯ ವಾದ ನಿಷ್ಠೆಯನ್ನು ಕುರಿತದ್ದು. ಇಂದು ಕಟ್ಟೆಗಳ ಮೇಲೆ, ಮನೆಯ ಪಡಸಾಲೆಗಳಲ್ಲಿ ಕೇಳಿಬರುವುದು ಬೇರೊಂದು ವಾದ. ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟದ್ದು ಕಟ್ಟುಕಥೆ, ಭೂಮಿಯು ಪುರಾಣದಲ್ಲಿ ಹೇಳಿದಂತೆಯೇ ಇದೆ ಎಂದು ಒಬ್ಬರೆಂದರೆ, ಭೂಮಿ ಗೋಳವೆಂದು ಸಿದ್ಧವಾದ ಮೇಲೆ ಪೂಜೆಯೆಲ್ಲವೂ ವ್ಯರ್ಥವೆಂದು ಮತ್ತೊಬ್ಬರೆನ್ನುತ್ತಾರೆ. ಇಬ್ಬರೂ ಒಂದೇ ತಪ್ಪನ್ನು ಮಾಡುತ್ತಾರೆ. ಅಳತೆಗೆ ಸಿಕ್ಕುವುದನ್ನೂ ಅಳತೆಗೆ ಮೀರಿದ್ದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಾರೆ.

ಭೂಮಿಯ ಆಕಾರವು ಅಳತೆಗೆ ಸಿಕ್ಕುವ ವಿಷಯ. ಅದನ್ನು ಪರದೇಶದವರ ಮಾತಿನಿಂದಲೇ ನಂಬಬೇಕಾಗಿಲ್ಲ. ಬಸವಣ್ಣನವರ ಕಾಲದವರೇ ಆದ ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತ ಶಿರೋಮಣಿಯಲ್ಲಿ ಭೂಮಿಯು ಗೋಳವೆಂದು ಸಾಧಿಸಿದ್ದಾರೆ. ದೊಡ್ಡ ವೃತ್ತದ ಸಣ್ಣ ತುಣುಕು ನೇರವಾಗಿ ಕಾಣುವಂತೆ, ಮಹತ್ತಾದ ಭೂಮಿಯ ಮೇಲೆ ನಿಂತ ಕಿರಿಯ ಮನುಷ್ಯನಿಗೆ ನೆಲವು ಚಪ್ಪಟೆಯಾಗಿ ತೋರುತ್ತದೆ ಎಂಬುದು ಅವರ ಯುಕ್ತಿ. ಭೂಮಿಯನ್ನು ಹೊರಲು ಒಂದು ಆಧಾರ ಬೇಕೆಂದರೆ ಆ ಆಧಾರಕ್ಕೆ ಮತ್ತೊಂದು ಆಧಾರ ಬೇಕಾಗುತ್ತದೆ, ಅದಕ್ಕೆ ಕೊನೆಯೆಲ್ಲಿ ಎಂದೂ ಅವರು ಕೇಳಿದರು.

ಈ ನಾಲ್ಕು ತಾಲೂಕುಗಳ ನೆಲವೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ, ಬಸವ ಜಯಂತಿಯ ಆಸುಪಾಸಿನಲ್ಲಿ, ಸೂರ್ಯನು ನಡುಹಗಲಿಗೆ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆಗ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಈ ನೆರಳಿಲ್ಲದ ದಿನ ಮೊದಲು ಹಿರೇಕೆರೂರಿಗೆ ಬರುತ್ತದೆ, ಅನಂತರ ಹಾನಗಲ್ಲಿಗೆ, ಆಮೇಲೆ ಇನ್ನೂ ಉತ್ತರದ ಶಿಗ್ಗಾಂವಿ, ಸವಣೂರುಗಳಿಗೆ. ಸೂರ್ಯನು ಬಹು ದೂರದಲ್ಲಿರುವುದರಿಂದ ಅವನ ಕಿರಣಗಳು ಎಲ್ಲ ಊರಿಗೂ ಒಂದೇ ದಿಕ್ಕಿನಿಂದ ಬರುತ್ತವೆ. ಹಾಗಿದ್ದೂ ಒಂದೇ ದಿನ ಒಂದೂರಿನಲ್ಲಿ ನೆರಳಿದ್ದು ಇನ್ನೊಂದೂರಿನಲ್ಲಿ ಇಲ್ಲವೆಂದರೆ, ಬಾಗಿರುವುದು ನೆಲವೇ. ಚಂದ್ರಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ಭೂಮಿಯ ನೆರಳಿನ ಅಂಚು ಎಂದಿಗೂ ದುಂಡಾಗಿಯೇ ಇರುವುದೂ ಇದನ್ನೇ ಹೇಳುತ್ತದೆ.

ಈ ವಾದದ ಭಾರ ಬೀಳುವುದು ಹಲವು ವೇಳೆ ವಾದಿಸುವವರ ಮೇಲಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿ ಸಂಪೂರ್ಣ ಚಂದ್ರಗ್ರಹಣವಿತ್ತು. ಗ್ರಹಣ ಹಿಡಿಯುವುದು ರಾತ್ರಿ ಹತ್ತರ ಸುಮಾರಿಗಾದರೂ ಪಂಚಾಂಗದವರು ಮಧ್ಯಾಹ್ನದಿಂದಲೇ ವೇಧ ಹೇಳಿದ್ದರು. ಹಾನಗಲ್ಲ ಕಡೆಯ ಒಂದು ಮನೆಯಲ್ಲಿ ಮೊಮ್ಮಗನ ಹೆಂಡತಿ ಎಂಟು ತಿಂಗಳ ಗರ್ಭಿಣಿ. ಮನೆಯ ಹಿರಿಯರು 1980ರ ಫೆಬ್ರವರಿ 16ರಂದು, ಶಿವರಾತ್ರಿ ಅಮಾವಾಸ್ಯೆಯ ದಿನ, ಕಾರವಾರ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣದ ಮಧ್ಯಾಹ್ನವನ್ನು ಬಾಗಿಲು ಹಾಕಿಕೊಂಡು ಕಳೆದವರು.

"ಯವ್ವಾ, ಗ್ರಹಣ ಬಿಡೂತನಕ ನೀರು ಸೈತ ಮುಟ್ಟಬ್ಯಾಡ" ಎಂದರು ಅಜ್ಜ.

"ಅದು ಬರೇ ಭೂಮಿ ನೆರಳು, ಯಜ್ಜಾ. ಇದು ಸುಳ್ಳಾದ ಮ್ಯಾಲ ಕೊರಳಾಗಿನ ಲಿಂಗದ ಮಾತೂ ಅಷ್ಟ" ಎಂದನು ಮೊಮ್ಮಗ.

ಅಜ್ಜನ ಕಣ್ಣು ಕೆಂಪಾದವು. ಮಾತಿಗೆ ಮಾತು ಬೆಳೆಯಿತು. ಬಾಯಾರಿದ ಹೆಣ್ಣುಮಗಳು ಇಬ್ಬರ ಮುಖವನ್ನೂ ನೋಡುತ್ತ ಕುಳಿತಳು. ಅವಳ ನೀರಡಿಕೆಯನ್ನು ಕಂಡವಳು ಅಜ್ಜಿ ಒಬ್ಬಳೇ. ತಂಬಿಗೆಯನ್ನು ತಂದು ಅವಳ ಕೈಗಿತ್ತಳು.

"ಹುಟ್ಟು-ಸಾವಿನ ಸೂತಕಾನ ನಮಗಿಲ್ಲ ಅಂತೀವಿ. ನೆರಳಿನ ಸೂತಕ ಎಲ್ಲಿಂದ ತಂದ್ರಿ? ಕೊರಳಾಗ ಲಿಂಗ ಐತಿ, ಕುಡಿ ಯವ್ವಾ."

ಅಜ್ಜಿಯ ಈ ಮಾತಿನಲ್ಲಿ ಶರಣತತ್ತ್ವದ ಸಾರವೇ ಇದೆ. ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಪಂಚಸೂತಕಗಳು ಲಿಂಗಾಂಗಿಗೆ ಇಲ್ಲವೆಂದು ಶರಣರು ಸಾರಿದರು. ಶುಭಘಳಿಗೆ, ತಾರಾಬಲಗಳ ಅಂಜಿಕೆಯಿಂದಲೂ ಬಸವಣ್ಣನವರು ಭಕ್ತರನ್ನು ಬಿಡಿಸಿದರು. ಲಿಂಗವನ್ನು ಧರಿಸಿಯೂ ನೆರಳಿಗೆ ಅಂಜುವವನು ಲಿಂಗಕ್ಕಿಂತ ನೆರಳನ್ನೇ ದೊಡ್ಡದೆಂದು ಒಪ್ಪಿದಂತಾಯಿತು. ಹಾಗೆಯೇ, ನೆರಳಿನ ಕಾರಣ ತಿಳಿಯಿತೆಂದು ಲಿಂಗವನ್ನೇ ತೊರೆಯಹೊರಟವನು ಲಿಂಗವನ್ನು ಎಂದೂ ಅರಿತವನಲ್ಲ, ಅಂಜಿಕೆಯ ತಾಯಿತವೆಂದಷ್ಟೇ ಕಟ್ಟಿಕೊಂಡವನು.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಇಷ್ಟಲಿಂಗವು ಗೋಳಾಕಾರವಾಗಿರುವುದರಿಂದ ಭೂಮಿಯ ಆಕಾರವನ್ನು ಶರಣರು ಮೊದಲೇ ಹೇಳಿಬಿಟ್ಟಿದ್ದರೆಂದು ಅಭಿಮಾನಪಡುವವರಿದ್ದಾರೆ. ಈ ಹೊಗಳಿಕೆ ಶರಣರಿಗೆ ಬೇಕಾಗಿಲ್ಲ. ಲಿಂಗವು ಭೂಮಿಯ ನಕಾಶೆಯಲ್ಲ, ಆದಿ ಅಂತ್ಯಗಳಿಲ್ಲದ ವಸ್ತುವಿನ ಕುರುಹು. ಲೋಕವನ್ನೂ ಆಕಾಶವನ್ನೂ ಮೀರಿದ ಹಿರಿಮೆಯು ಭಕ್ತನ ಕರಸ್ಥಲಕ್ಕೆ ಇಳಿದುಬಂದ ಬೆರಗನ್ನು ಬಸವಣ್ಣನವರು ನುಡಿದರು. ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ಆಂಟೆನಾ ಚಂದ್ರನಾಚೆಯಿಂದ ಬರುವ ಸಂಕೇತಗಳನ್ನೂ ಹಿಡಿಯಬಲ್ಲದು. ಆಕಾಶವು ಎಷ್ಟು ವಿಶಾಲವೆಂದು ವಿಜ್ಞಾನವು ತೋರಿಸಿದಷ್ಟೂ ಆ ಬೆರಗು ಹೆಚ್ಚಬೇಕಲ್ಲದೆ ಕುಗ್ಗುವ ಕಾರಣವಿಲ್ಲ.

ಸವಣೂರಿನ ದೊಡ್ಡಹುಣಸೆ ಮಠದ ಹೆಮ್ಮರಗಳನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಜನರು ಅವನ್ನು ಹುಣಸೆಯೆಂದೇ ಕರೆದು ಕೈಮುಗಿಯುತ್ತಾರೆ. ಸಸ್ಯಶಾಸ್ತ್ರವು ಅವು ಹುಣಸೆಯಲ್ಲ, ಆಫ್ರಿಕಾ ಖಂಡದ ಬಾವೋಬಾಬ್ ಜಾತಿಯವು ಎನ್ನುತ್ತದೆ. ಹೀಗೆ ತಿಳಿದವನಿಗೆ ಮರದ ನೆರಳು ಕಡಿಮೆಯಾಗುವುದಿಲ್ಲ. ಅಷ್ಟು ದೂರದ ಬೀಜ ಇಲ್ಲಿ ಬೇರೂರಿತಲ್ಲಾ ಎಂಬ ಅಚ್ಚರಿ ಅವನ ಕೈಗಳನ್ನು ಇನ್ನಷ್ಟು ಭಾವದಿಂದ ಜೋಡಿಸುತ್ತದೆ.

ಆದುದರಿಂದ ಭಕ್ತರು ಆಗಸದ ಸತ್ಯಕ್ಕೆ ಅಂಜಬೇಕಾಗಿಲ್ಲ, ವಿಚಾರವಂತರು ಭಕ್ತಿಯನ್ನು ಹಳಿಯಬೇಕಾಗಿಲ್ಲ. ಬರುವ ಬಸವ ಜಯಂತಿಯ ದಿನಗಳಲ್ಲಿ ಮಠದ ಅಂಗಳದಲ್ಲಿ, ಶಾಲೆಯ ಬಯಲಿನಲ್ಲಿ ಮಕ್ಕಳು ಒಂದೊಂದು ಕೋಲು ನೆಡಲಿ. ನಡುಹಗಲಿನ ನೆರಳನ್ನು ತಾವೇ ಅಳೆದು ನಾಲ್ಕೂ ತಾಲೂಕಿನ ಗೆಳೆಯರೊಡನೆ ಹೋಲಿಸಿ ನೋಡಲಿ. ಸಂಜೆಗೆ ಅದೇ ಮಕ್ಕಳು ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಂಡು ಕಣ್ಣು ನೆಟ್ಟು ಕುಳಿತುಕೊಳ್ಳಲಿ. ಹಗಲಿನ ಅರಿವೂ ಸಂಜೆಯ ಅನುಭಾವವೂ ಒಂದೇ ಮನೆಯಲ್ಲಿ ಬಾಳಬಲ್ಲವೆಂಬುದನ್ನು ಅವರು ಹಿರಿಯರಿಗೆ ತೋರಿಸಿಕೊಡಲಿ.